ಪಾವಿನ ಮೇಲೊಂದು ಹಿಡಿ

ನಮ್ಮ ಮನೆಯ ಹಾರ್ಲಿಕ್ಸ್ ಬಾಟಲಿಯಲ್ಲಿ ಹಾರ್ಲಿಕ್ಸ್ ಇದ್ದದ್ದನ್ನು ನಾನು ಕಂಡವನಲ್ಲ. ಅದರಲ್ಲಿ ಮೆಂತ್ಯ ಇರುತ್ತಿತ್ತು. ಬೋರ್ನ್‌ವಿಟಾ ಡಬ್ಬಿಯಲ್ಲಿ ಒಣಮೆಣಸಿನಕಾಯಿ, ಹಾಲಿನ ಪುಡಿಯ ಡಬ್ಬಿಯಲ್ಲಿ ಹುಣಸೆಹಣ್ಣು, ಯಾರೋ ನೆಂಟರು ತಂದುಕೊಟ್ಟಿದ್ದ ಬಿಸ್ಕತ್ತಿನ ಡಬ್ಬಿಯಲ್ಲಿ ಸೂಜಿ, ದಾರ, ಜೊತೆ ತಪ್ಪಿದ ಗುಂಡಿಗಳು. ಒಲೆಯ ಹೊಗೆಗೆ ಕಪ್ಪಾದ ಹಲಗೆಯ ಮೇಲೆ ಈ ಡಬ್ಬಿಗಳೆಲ್ಲ ಯಾರದೋ ಹೆಸರು ಹೊತ್ತುಕೊಂಡು ಸಾಲಾಗಿ ನಿಂತಿರುತ್ತಿದ್ದವು. ಕರೆಂಟು ಹೋದ ರಾತ್ರಿಯಲ್ಲೂ ಅಮ್ಮನ ಕೈ ತಪ್ಪುತ್ತಿರಲಿಲ್ಲ. ತಪ್ಪುತ್ತಿದ್ದದ್ದು ಓದು ಬರಹ ನಂಬಿದವರ ಕೈ. ಒಂದು ಯುಗಾದಿಗೆ ಬಂದಿದ್ದ ನಮ್ಮ ಸೋದರತ್ತೆ, ಅಮ್ಮನಿಗೆ ಸಹಾಯ ಮಾಡುವ ಉತ್ಸಾಹದಲ್ಲಿ, ‘ಸಕ್ಕರೆ’ ಎಂದು ಕೆಂಪು ಬಣ್ಣದಲ್ಲಿ ಬರೆದಿದ್ದ ಡಬ್ಬಿಯಿಂದ ಎರಡು ಸೌಟು ಧಾರಾಳವಾಗಿ ತೆಗೆದು ಪಾಯಸಕ್ಕೆ ಸುರಿದರು. ಅದು ಪುಡಿ ಉಪ್ಪು. ಆ ಪಾಯಸವನ್ನು ಮೆಚ್ಚಿ ಕುಡಿದದ್ದು ಕೊಟ್ಟಿಗೆಯ ಎಮ್ಮೆಯೊಂದೇ.

“ಡಬ್ಬಿ ಮೇಲೆ ಸಕ್ಕರೆ ಅಂತ ಬರೆದಿದೆಯಲ್ಲೇ!” ಎಂದು ಅತ್ತೆ ರೇಗಿದರು.

“ಬರೆದಾಗ ಸಕ್ಕರೆನೇ ಇತ್ತು ಅತ್ತಿಗೆ,” ಎಂದಳು ಅಮ್ಮ.

ಮುಂದೆ ಪಾಲಿಟೆಕ್ನಿಕ್ ಒಂದರಲ್ಲಿ ಮೂವತ್ತು ವರ್ಷ ಪ್ರೋಗ್ರಾಮಿಂಗ್ ಪಾಠ ಹೇಳಿ ಹೊಟ್ಟೆ ಹೊರೆದುಕೊಂಡೆ. ವೇರಿಯಬಲ್ ಎಂದರೇನು ಎಂಬುದಕ್ಕೆ ಅಮ್ಮನ ಆ ಮಾತಿಗಿಂತ ಒಳ್ಳೆಯ ವಿವರಣೆ ನನಗೆ ಯಾವ ಪುಸ್ತಕದಲ್ಲೂ ಸಿಗಲಿಲ್ಲ.

ನಾನು ಆ ಪದವನ್ನು ಮೊದಲು ಕೇಳಿದ್ದು 1986ರಲ್ಲಿ, ಇಂಜಿನಿಯರಿಂಗ್ ಮೊದಲ ವರ್ಷದಲ್ಲಿ. ಕಾಲೇಜಿಗೆ ಹೊಸದಾಗಿ ಕಂಪ್ಯೂಟರ್ ಲ್ಯಾಬ್ ಬಂದಿತ್ತು. ಬಾಗಿಲ ಹೊರಗೆ ಚಪ್ಪಲಿ ಬಿಡಬೇಕು, ಕಾಲು ಒರೆಸಿಕೊಳ್ಳಬೇಕು, ಒಳಗೆ ಗಟ್ಟಿಯಾಗಿ ಮಾತಾಡಬಾರದು. ಇಡೀ ಕಾಲೇಜಿಗೆ ಏಸಿ ಇದ್ದದ್ದು ಅಲ್ಲೊಂದೇ ಕಡೆ, ಅದೂ ಯಂತ್ರಗಳಿಗಾಗಿ. ಒಂದು ಯಂತ್ರಕ್ಕೆ ಮೂವರಂತೆ ನಾವು ಗರ್ಭಗುಡಿಗೆ ಹೋದವರ ಹಾಗೆ ಕೈಕಟ್ಟಿ ನಿಲ್ಲುತ್ತಿದ್ದೆವು. ಮೇಷ್ಟ್ರು ಕರಿಹಲಗೆಯ ಮೇಲೆ ಒಂದು ಚೌಕ ಬರೆದು, “ವೇರಿಯಬಲ್ ಅಂದರೆ ಒಂದು ಡಬ್ಬಿ. ಡಬ್ಬಿಗೊಂದು ಹೆಸರು. ಒಳಗಿರುವುದನ್ನು ತೆಗೆದು ಬೇರೆಯದನ್ನು ಹಾಕಬಹುದು, ಹೆಸರು ಮಾತ್ರ ಅದೇ ಇರುತ್ತದೆ,” ಎಂದರು. ಪಟ್ಟಣದಿಂದ ಬಂದ ಹುಡುಗರು ತಬ್ಬಿಬ್ಬಾದರು. ಅವರ ಮನೆಗಳಲ್ಲಿ ಒಂದೇ ಅಳತೆಯ ಸ್ಟೀಲ್ ಡಬ್ಬಿಗಳಿದ್ದು, ಒಂದೊಂದರಲ್ಲೂ ಆಯಾ ವಸ್ತುವೇ ಇರುತ್ತಿತ್ತೆಂದು ಕಾಣುತ್ತದೆ. ನನಗೆ ಮಾತ್ರ ನಮ್ಮ ಮನೆಯ ಹಲಗೆ ಕಣ್ಣಿಗೆ ಕಟ್ಟಿತು. ಇಷ್ಟೇನಾ ಅನ್ನಿಸಿತು.

“ಕಾನ್‌ಸ್ಟೆಂಟ್ ಅಂದರೆ ಬೀಗ ಹಾಕಿದ ಡಬ್ಬಿ. ಒಮ್ಮೆ ಇಟ್ಟದ್ದು ಇಟ್ಟದ್ದೇ,” ಎಂದು ಮೇಷ್ಟ್ರು ಮುಂದುವರಿಸಿದಾಗ ಸ್ವಲ್ಪ ಯೋಚಿಸಬೇಕಾಯಿತು. ನಮ್ಮ ಅಡಿಗೆಮನೆಯಲ್ಲಿ ಬೀಗ ಹಾಕಿದ್ದೇನೂ ಇರಲಿಲ್ಲ. ಬದಲಾಗದ್ದು ಎಂದರೆ ಅಕ್ಕಿ ಅಳೆಯುವ ಹಿತ್ತಾಳೆಯ ಪಾವು. ಅಜ್ಜಿಯ ಕಾಲದ್ದು. ಅದನ್ನು ಬೇರೆ ಯಾವುದಕ್ಕೂ ಬಳಸಕೂಡದು ಎಂಬ ಕಟ್ಟಳೆಯಿತ್ತು. ಸದ್ಯಕ್ಕೆ ಅದೇ ಕಾನ್‌ಸ್ಟೆಂಟ್ ಇರಲಿ ಎಂದುಕೊಂಡೆ. ಆ ಕಟ್ಟಳೆಯನ್ನು ಮುರಿದವನೂ ನಾನೇ ಎಂಬುದನ್ನು ಆಮೇಲೆ ಹೇಳುತ್ತೇನೆ.

ದಸರಾ ರಜೆಗೆ ಊರಿಗೆ ಹೋದಾಗ ಬೇಸಿಕ್ ಭಾಷೆಯ ನೋಟ್‌ಬುಕ್ಕನ್ನು ಅಪ್ಪನಿಗೆ ತೋರಿಸಿದೆ. ಅಪ್ಪ ಹೈಸ್ಕೂಲಿನ ಗಣಿತದ ಮೇಷ್ಟ್ರು. ಕೈಯಲ್ಲಿ ಕೆಂಪು ಪೆನ್ನಿಲ್ಲದೆ ಯಾವ ಬರಹವನ್ನೂ ಓದಿ ಅಭ್ಯಾಸವಿಲ್ಲ. ಮದುವೆಯ ಕರೆಯೋಲೆಗಳಲ್ಲೂ ಕಾಗುಣಿತ ತಿದ್ದಿಡುತ್ತಿದ್ದರು. ಪುಟ ತಿರುವುತ್ತ ಬಂದವರು ಒಂದು ಸಾಲಿನ ಹತ್ತಿರ ನಿಂತರು. ‘ಲೆಟ್ ಎಕ್ಸ್ = ಎಕ್ಸ್ + 1’ ಎಂದಿತ್ತು. ಕನ್ನಡಕ ಏರಿಸಿಕೊಂಡು ಮತ್ತೊಮ್ಮೆ ಓದಿದರು. ಆಮೇಲೆ ಸಾವಕಾಶವಾಗಿ, ಬೇಸರದಿಂದಲೇ, ಅದರ ಮೇಲೆ ದೊಡ್ಡದೊಂದು ತಪ್ಪು ಗುರುತು ಹಾಕಿದರು.

“ಎರಡೂ ಕಡೆಯಿಂದ ಎಕ್ಸ್ ಕಳಿ, ಏನು ಉಳೀತು?”

“ಸೊನ್ನೆ, ಒಂದಕ್ಕೆ ಸಮ.”

“ಇದಕ್ಕೆ ನಾನು ಅಷ್ಟು ಫೀಸು ಕಟ್ಟಿದೀನಿ.”

ಡಬ್ಬಿಯ ಕಥೆ ಹೇಳಿದೆ. ಎಕ್ಸ್ ಎಂಬ ಡಬ್ಬಿಯಲ್ಲಿ ಈಗಿರುವುದಕ್ಕೆ ಒಂದು ಸೇರಿಸಿ ಮತ್ತೆ ಅದೇ ಡಬ್ಬಿಯಲ್ಲಿಡು ಎಂದು ಇದರ ಅರ್ಥ ಅಂದೆ. ಅಪ್ಪನ ಆಕ್ಷೇಪಣೆ ಡಬ್ಬಿಯ ಮೇಲಲ್ಲ, ಸಮ ಚಿಹ್ನೆಯ ಮೇಲೆ. ರಾಬರ್ಟ್ ರೆಕಾರ್ಡ್ ಎಂಬಾತ 1557ರಲ್ಲಿ ಒಂದಕ್ಕೊಂದು ಸಮಾಂತರವಾದ ಎರಡು ಗೆರೆಗಳಿಗಿಂತ ಸಮವಾದದ್ದು ಬೇರೆ ಯಾವುದಿದೆ ಎಂದು ಯೋಚಿಸಿ ಆ ಚಿಹ್ನೆಯನ್ನು ಕೊಟ್ಟ. ಅದನ್ನು ತಂದು ಡಬ್ಬಿ ತುಂಬುವ ಕೆಲಸಕ್ಕೆ ಹಚ್ಚಿದ್ದೀರಲ್ಲ, ಬೇರೆ ಗುರುತು ಸಿಗಲಿಲ್ಲವೆ ಎಂಬುದು ಅವರ ದೂರು. ನನಗೆ ಆಗ ಉತ್ತರ ಹೊಳೆಯಲಿಲ್ಲ. ಆಲ್ಗಾಲ್ ಎಂಬ ಭಾಷೆ ಕಟ್ಟಿದವರಿಗೂ ಇದೇ ಕಸಿವಿಸಿಯಾಗಿ, ಸಮ ಚಿಹ್ನೆಯ ಮುಂದೆ ಎರಡು ಚುಕ್ಕಿಯಿಟ್ಟು ಬೇರೆ ಗುರುತು ಮಾಡಿಕೊಂಡರೆಂದು ಆಮೇಲೆ ಓದಿದೆ. ಪಾಸ್ಕಲ್ ಭಾಷೆಯವರೂ ಅದನ್ನೇ ಹಿಡಿದರು. ನಮ್ಮಪ್ಪನ ಪಕ್ಷದಲ್ಲಿ ಯೂರೋಪಿನ ದೊಡ್ಡ ದೊಡ್ಡವರಿದ್ದರು.

ಅಂದು ಅಪ್ಪನನ್ನು ಸಮಾಧಾನ ಮಾಡಿದ್ದು ಆ ಸಾಲಿನ ಮೊದಲ ಪದ. “ಮುಂದೆ ಲೆಟ್ ಅಂತ ಇದೆ ನೋಡಿ,” ಎಂದೆ. ಲೆಟ್ ಎಂದರೆ ಆಗಲಿ, ಇರಲಿ. ಅಪ್ಪ ತುಸು ಹೊತ್ತು ಸುಮ್ಮನಿದ್ದು, “ಎಕ್ಸ್ ಅನ್ನೋದು ಎಕ್ಸ್ ಕೂಡು ಒಂದು ಆಗಲಿ. ಹಂಗಾದ್ರೆ ಇದು ಸಮೀಕರಣ ಅಲ್ಲ ಮಾರಾಯ, ಆಶೀರ್ವಾದ,” ಎಂದರು. ತಪ್ಪು ಗುರುತನ್ನು ಹೊಡೆದುಹಾಕಿ ಪಕ್ಕದಲ್ಲಿ ಅರ್ಧ ಮಾರ್ಕು ಕೊಟ್ಟರು.

ಬೇಸಿಕ್ ಭಾಷೆಯನ್ನು 1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಕೆಮೆನಿ ಮತ್ತು ಕರ್ಟ್ಸ್ ಎಂಬ ಇಬ್ಬರು ಗಣಿತದ ಮೇಷ್ಟ್ರುಗಳು ಕಟ್ಟಿದ್ದು. ಆ ಲೆಟ್ ಪದವನ್ನು ಇಟ್ಟಾಗ ಅವರಿಗೂ ನಮ್ಮಪ್ಪನಂಥ ಸಹೋದ್ಯೋಗಿಗಳ ಮುಖ ನೆನಪಾಗಿತ್ತೇನೋ. ಬರಬರುತ್ತ ಬೇಸಿಕ್ಕಿನಲ್ಲೇ ಲೆಟ್ ಬರೆಯದಿದ್ದರೂ ನಡೆಯುತ್ತದೆ ಎಂದಾಯಿತು. ಎರಡು ಬೆರಳ ಕೆಲಸ ಉಳಿಯಿತು, ಆಶೀರ್ವಾದ ಹೋಯಿತು.

ಕನ್ನಡದ ಪಠ್ಯಪುಸ್ತಕಗಳಲ್ಲಿ ಇವನ್ನು ಚರಾಕ್ಷರ, ಸ್ಥಿರಾಂಕ ಎನ್ನುತ್ತಾರೆ. ಪಾಠ ಹೇಳುವಾಗ ನಾನು ಬರೀ ಚರ, ಸ್ಥಿರ ಎನ್ನುತ್ತಿದ್ದೆ. ಮಕ್ಕಳ ಕಿವಿಗೆ ಅದು ಚರಾಸ್ತಿ, ಸ್ಥಿರಾಸ್ತಿ ಎಂದು ಕೇಳಿಸಿ, ಸಬ್‌ರಿಜಿಸ್ಟ್ರಾರ್ ಕಚೇರಿಯ ಪಾಠವೇನೋ ಎಂಬಂತೆ ನೋಡುತ್ತಿದ್ದರು. ಮಲೆನಾಡಿನ ಹುಡುಗರಿಗೆ ಅಡಿಕೆ ತೋಟದ ಪಾಲಿನ ಗಲಾಟೆಯಲ್ಲಿ ಈ ಎರಡೂ ಪದಗಳ ಪರಿಚಯ ಚೆನ್ನಾಗಿಯೇ ಇರುತ್ತದೆ. ಪಂಚಾಂಗದವರ ಚರ, ಸ್ಥಿರಗಳು ಬೇರೆ. ಮೇಷ, ಕರ್ಕಾಟಕ, ತುಲಾ, ಮಕರ ಚರರಾಶಿಗಳು. ವೃಷಭ, ಸಿಂಹ, ವೃಶ್ಚಿಕ, ಕುಂಭ ಸ್ಥಿರರಾಶಿಗಳು. ಉಳಿದ ನಾಲ್ಕಕ್ಕೆ ಜೋಯಿಸರು ದ್ವಿಸ್ವಭಾವ ಎಂದು ಹೆಸರಿಟ್ಟು ಕೈತೊಳೆದುಕೊಂಡಿದ್ದಾರೆ. ಇದನ್ನು ಕೇಳಿ ನಗುತ್ತಿದ್ದವನು ನಾನು. ಜಾವಾಸ್ಕ್ರಿಪ್ಟ್ ಕಲಿಯುವವರೆಗೆ ನಗುತ್ತಿದ್ದೆ.

ಹಳಬರಲ್ಲಿ ನನಗೆ ತುಂಬ ಇಷ್ಟವಾಗುವ ಹೆಸರು ಭಾಸ್ಕರಾಚಾರ್ಯರ ‘ಬೀಜಗಣಿತ’ದಲ್ಲಿದೆ. 1114ರಲ್ಲಿ ಹುಟ್ಟಿದ ಈ ಗಣಿತಜ್ಞ ನಮ್ಮ ವಿಜಯಪುರದವರು ಎಂದು ಕನ್ನಡಿಗರಲ್ಲಿ ಅನೇಕರ ನಂಬಿಕೆ. ನಾವು ಎಕ್ಸ್ ಎಂದು ಬರೆಯುವ ಕಡೆ ಅವರು ‘ಯಾವತ್ತಾವತ್’ ಎನ್ನುತ್ತಾರೆ. ಅಂದರೆ ಎಷ್ಟೋ ಅಷ್ಟು. ಇನ್ನೊಂದು ಅಜ್ಞಾತ ಸಂಖ್ಯೆ ಬೇಕಾದರೆ ಬಣ್ಣಗಳ ಹೆಸರು: ಕಾಲಕ, ನೀಲಕ, ಪೀತಕ. ಗೊತ್ತಿರುವ, ಬದಲಾಗದ ಸಂಖ್ಯೆಗೆ ‘ರೂಪ’ ಎಂದು ಹೆಸರು. ಕಂಡದ್ದಕ್ಕೆ ರೂಪ, ಕಾಣದ್ದಕ್ಕೆ ಬಣ್ಣ. ಎಕ್ಸ್, ವೈ, ಝಡ್ ಎಂಬ ಬೋಳು ಅಕ್ಷರಗಳನ್ನು ಅಜ್ಞಾತಗಳಿಗೆ ಹಚ್ಚುವ ರೂಢಿ 1637ರಲ್ಲಿ ದೆಕಾರ್ತನಿಂದ ಬಂದದ್ದು; ಅನುಕೂಲ ನಿಜ, ಆದರೆ ಮನೆಗೆ ಸುಣ್ಣ ಬಳಿದಂತಾಯಿತು.

ಇದನ್ನೆಲ್ಲ ಓದದೆಯೂ ಭಾಸ್ಕರಾಚಾರ್ಯರ ಮಾರ್ಗದಲ್ಲಿ ನಡೆದವಳು ನಮ್ಮಮ್ಮ. ಹೊಸದಾಗಿ ಮದುವೆಯಾಗಿ ಬಂದ ನನ್ನ ಹೆಂಡತಿ ನೋಟ್‌ಬುಕ್ ಹಿಡಿದು, “ಸಾರಿಗೆ ಉಪ್ಪು ಎಷ್ಟು ಅತ್ತೆ?” ಎಂದು ಕೇಳಿದರೆ, “ಎಷ್ಟು ಬೇಕೋ ಅಷ್ಟು,” ಎನ್ನುತ್ತಿದ್ದಳು. ಬೆಲ್ಲ? ಅದೂ ಅಷ್ಟೇ. ಎಷ್ಟು ಹೊತ್ತು ಕುದಿಯಬೇಕು? ಕುದಿಯುವಷ್ಟು ಹೊತ್ತು. ಆ ನೋಟ್‌ಬುಕ್ ಈಗಲೂ ಇದೆ. ಯಾವತ್ತಾವತ್ ಎಂಬುದನ್ನು ಅಷ್ಟು ಸಲ ಬರೆದ ಬೇರೊಂದು ಗ್ರಂಥ ಇರಲಾರದು.

ಎರಡನೆಯ ಸೆಮಿಸ್ಟರಿಗೆ ಫೋರ್ಟ್ರಾನ್ ಬಂತು. 1957ರಲ್ಲಿ ಐಬಿಎಮ್ಮಿನ ಜಾನ್ ಬ್ಯಾಕಸ್ ಮತ್ತು ಸಂಗಡಿಗರು ಹೊರತಂದ ಭಾಷೆ. ನಮ್ಮ ಹೊತ್ತಿಗೆ ಹಿರಿಯಜ್ಜ. ಅದರಲ್ಲೊಂದು ಸಂಪ್ರದಾಯ: ವೇರಿಯಬಲ್ಲಿನ ಹೆಸರು ಇಂಗ್ಲಿಷಿನ ಐಯಿಂದ ಎನ್‌ವರೆಗಿನ ಆರು ಅಕ್ಷರಗಳಲ್ಲಿ ಯಾವುದರಿಂದಲಾದರೂ ಶುರುವಾದರೆ ಅದು ಪೂರ್ಣಾಂಕ, ಉಳಿದ ಅಕ್ಷರವಾದರೆ ದಶಮಾಂಶ, ಬೇರೆ ಏನನ್ನೂ ಹೇಳದಿದ್ದರೆ ಹೀಗೆ. ಮೊದಲ ಅಕ್ಷರದಿಂದ ಜಾತಕ ನಿರ್ಧಾರವಾಗುವುದು ನಮಗೇನೂ ಹೊಸದಲ್ಲ. ಅಶ್ವಿನಿ ನಕ್ಷತ್ರದ ಮಗುವಿಗೆ ಚೂ ಚೇ ಚೋ ಲಾ ಎಂದು ಅಕ್ಷರ ಹುಡುಕುವ ದೇಶ ನಮ್ಮದು. ನನ್ನ ಹೆಸರು ಆ ಆರು ಅಕ್ಷರಗಳ ಒಳಗೇ ಬರುತ್ತದೆ, ಹೆಂಡತಿಯದು ಹೊರಗೆ. ನಾನು ಸಂತೆಯಿಂದ ಬಂದು “ಸುಮಾರು ಇನ್ನೂರು ಆಯ್ತು” ಎಂದರೆ ಅವಳು ಪೈಸೆಯವರೆಗೂ ಲೆಕ್ಕ ಹೇಳುತ್ತಾಳೆ. ಫೋರ್ಟ್ರಾನನ್ನು ಅಲ್ಲಗಳೆಯುವಂತಿಲ್ಲ.

ಈ ಅಜ್ಜನ ಬಾಲ್ಯದ ಒಂದು ತಂಟೆಯ ಕಥೆ ಮೇಷ್ಟ್ರು ಹೇಳಿದ್ದರು. ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಹಳೆಯ ಕಂಪೈಲರುಗಳು ಪ್ರೋಗ್ರಾಮಿನಲ್ಲಿ 4 ಎಂದು ಎಲ್ಲೆಲ್ಲಿ ಬಂದರೂ ಆ ನಾಲ್ಕನ್ನು ನೆನಪಿನ ಒಂದೇ ಜಾಗದಲ್ಲಿ ಇಟ್ಟುಕೊಂಡು ಅಲ್ಲಿಂದ ತೆಗೆಯುತ್ತಿದ್ದವು. ಒಂದು ಸಬ್‌ರುಟೀನಿಗೆ, ಅಂದರೆ ಪ್ರೋಗ್ರಾಮಿನೊಳಗಿನ ಕಿರು ಪ್ರೋಗ್ರಾಮಿಗೆ, ಆ ನಾಲ್ಕನ್ನು ಕೊಟ್ಟು ಕಳಿಸಿದರೆ, ನಾಲ್ಕರ ಬೆಲೆಯಲ್ಲ, ಅದಿರುವ ಜಾಗದ ವಿಳಾಸವೇ ಹೋಗುತ್ತಿತ್ತು. ಅಲ್ಲಿ ಯಾರಾದರೂ ಅಚಾತುರ್ಯದಿಂದ ಅದಕ್ಕೆ ಒಂದು ಕೂಡಿಸಿದರೆ, ಅಲ್ಲಿಂದ ಮುಂದೆ ಇಡೀ ಪ್ರೋಗ್ರಾಮಿನಲ್ಲಿ 4 ಎಂದರೆ 5. ಎರಡು ಎರಡಲ ಎಷ್ಟು ಎಂದು ಹುಡುಕಿಕೊಂಡು ಹೋದವರು ಹುಚ್ಚರಾಗಿ ಬರುತ್ತಿದ್ದರಂತೆ. ಇದನ್ನು ಬಹಳ ಗಾಬರಿಯಿಂದ ಅಪ್ಪನಿಗೆ ವರದಿ ಮಾಡಿದೆ. ಅಪ್ಪ ಎಲೆಗೆ ಸುಣ್ಣ ಹಚ್ಚುತ್ತ, “ನಮ್ಮೂರ ಸೊಸೈಟಿಯಲ್ಲಿ ದಿನಾ ಆಗುತ್ತಲ್ಲ. ಅಲ್ಲಿ ನಾಲ್ಕು ಮೂರಾಗುತ್ತೆ, ಅಷ್ಟೇ ವ್ಯತ್ಯಾಸ,” ಎಂದರು.

ಇಷ್ಟೆಲ್ಲ ಕಲಿತು, ಕಲಿಸಿ, ನಾನೇ ಮಾಡಿದ ತಪ್ಪನ್ನು ಹೇಳದಿದ್ದರೆ ನ್ಯಾಯವಲ್ಲ. 2005ರ ಏಪ್ರಿಲ್ ಒಂದರಂದು ಕರ್ನಾಟಕದಲ್ಲಿ ವ್ಯಾಟ್ ಬಂತು. ನಮ್ಮ ಬೀದಿಯ ದಿನಸಿ ಅಂಗಡಿಯ ಶೆಟ್ಟರಿಗೆ ಬಿಲ್ಲು ಮಾಡುವ ಪ್ರೋಗ್ರಾಮೊಂದನ್ನು ಉಮೇದಿನಿಂದ ಬರೆದುಕೊಟ್ಟೆ. ಸೋಪು, ಪೌಡರುಗಳಂಥ ಸಾಮಾನಿಗೆ ತೆರಿಗೆ ಶೇಕಡಾ 12.5. ಬೆಲೆಗಳನ್ನು ಹೀಗೆ ಅಲ್ಲಲ್ಲೇ ಅಂಕಿಯಲ್ಲಿ ಬರೆಯಬೇಡಿ, ಮೇಲೆ ಒಂದು ಹೆಸರು ಕೊಟ್ಟು ಕಾನ್‌ಸ್ಟೆಂಟ್ ಮಾಡಿಕೊಳ್ಳಿ ಎಂದು ತರಗತಿಯಲ್ಲಿ ಗಂಟಲು ಹರಿದುಕೊಳ್ಳುತ್ತಿದ್ದವನು, ಮನೆಯಲ್ಲಿ ಕುಳಿತು ಬರೆಯುವಾಗ ಎಲ್ಲ ಕಡೆ 12.5 ಎಂದೇ ಬರೆದೆ. ವೈದ್ಯರು ಸಿಗರೇಟು ಸೇದುವುದಿಲ್ಲವೆ, ಹಾಗೆ.

2010ರಲ್ಲಿ ತೆರಿಗೆ 13.5 ಆಯಿತು. ಶೆಟ್ಟರು ಹೇಳಿ ಕಳಿಸಿದರು. ನಾನು ಹೋಗಿ, ಚಹಾ ಕುಡಿಯುತ್ತ, ಪ್ರೋಗ್ರಾಮಿನಲ್ಲಿ ಇರುವ 12.5ನ್ನೆಲ್ಲ ಒಂದೇ ಏಟಿಗೆ 13.5 ಮಾಡಿ ಎದ್ದು ಬಂದೆ. ಹದಿನೈದು ದಿನ ಕಳೆದ ಮೇಲೆ ಶೆಟ್ಟರೇ ಮನೆಯ ಗೇಟಿನ ಹತ್ತಿರ ನಿಂತಿದ್ದರು. ಕೈಯಲ್ಲಿ ಬಿಲ್ಲುಗಳ ಕಟ್ಟು. ಇಪ್ಪತ್ತೈದು ಕಿಲೋ ಅಕ್ಕಿ ಮೂಟೆಯನ್ನು ಅರ್ಧ ಮಾಡಿ ಮಾರುವುದು ಅವರ ಅಂಗಡಿಯ ರೂಢಿ. ಅರ್ಧ ಮೂಟೆಯೆಂದರೆ 12.5 ಕಿಲೋ. ಹದಿನೈದು ದಿನದಿಂದ ಬಿಲ್ಲಿನಲ್ಲಿ ಅರ್ಧ ಮೂಟೆ 13.5 ಕಿಲೋ ತೂಗುತ್ತಿತ್ತು.

“ಸರ್, ತೆರಿಗೆ ಏರಿಸಿದ್ದು ಸರಕಾರ, ಒಪ್ಪಿದೆ. ಅಕ್ಕಿ ಏರಿಸಿದ್ದು ನೀವು,” ಎಂದರು ಶೆಟ್ಟರು. ಗಿರಾಕಿಗಳ ಮನೆಮನೆಗೆ ಹೋಗಿ ಒಂದೊಂದು ಕಿಲೋ ಅಕ್ಕಿ ಕೊಟ್ಟು ಬರುವುದಕ್ಕೆ ಎರಡು ದಿನ ಹಿಡಿಯಿತು. ಅರ್ಧ ದಿನ ಸ್ಕೂಟರಿನಲ್ಲಿ ನಾನೂ ಜೊತೆಗಿದ್ದೆ. ಬಹಳ ಜನಕ್ಕೆ ವ್ಯತ್ಯಾಸವೇ ಗೊತ್ತಾಗಿರಲಿಲ್ಲ. ಒಬ್ಬ ಮುದುಕಿ ಮಾತ್ರ, “ಈ ಸಲ ಬಿಲ್ಲಿನ ಲೆಕ್ಕಕ್ಕಿಂತ ಅಕ್ಕಿ ಎರಡು ದಿನ ಮುಂಚೆ ಮುಗೀತು, ನನಗೇ ಹಸಿವು ಜಾಸ್ತಿಯಾಗಿದೆ ಅಂದ್ಕೊಂಡೆ,” ಎಂದಳು.

ಆಮೇಲೆ ತಿದ್ದಿಕೊಂಡೆ. ತೆರಿಗೆಗೆ ವ್ಯಾಟ್ ಎಂದೇ ಹೆಸರಿಟ್ಟು ಮೇಲೊಂದು ಸಾಲಿನಲ್ಲಿ ಕೂರಿಸಿದೆ. 2017ರ ಜುಲೈ ಒಂದರಂದು ವ್ಯಾಟ್ ಹೋಗಿ ಜಿಎಸ್‌ಟಿ ಬಂತು. ಆ ಸಾಲಿನಲ್ಲಿ ಅಂಕಿ ಬದಲಾಯಿಸಿದೆನೇ ಹೊರತು ಹೆಸರು ಬದಲಾಯಿಸಲು ಸೋಮಾರಿತನ. ಇವತ್ತಿಗೂ ಶೆಟ್ಟರ ಕಂಪ್ಯೂಟರಿನೊಳಗೆ ವ್ಯಾಟ್ ಎಂಬ ಡಬ್ಬಿಯಲ್ಲಿ ಜಿಎಸ್‌ಟಿ ಇದೆ. ಬರೆದಾಗ ವ್ಯಾಟೇ ಇತ್ತು ಅತ್ತಿಗೆ.

ಹಳೆಯ ಫೋರ್ಟ್ರಾನ್ ಕೈಪಿಡಿಯೊಂದರಲ್ಲಿತ್ತೆಂದು ಪ್ರೋಗ್ರಾಮರುಗಳು ಹೇಳಿಕೊಂಡು ನಗುವ ಸಂಗತಿಯಿದೆ. ವೃತ್ತದ ‘ಪೈ’ಗೆ ಒಂದು ಹೆಸರು ಕೊಟ್ಟು ಇಟ್ಟುಕೊಳ್ಳಿ, ಮುಂದೆಂದಾದರೂ ಪೈ ಬೆಲೆ ಬದಲಾದರೆ ತಿದ್ದಲು ಅನುಕೂಲ ಎಂದು ಅದರಲ್ಲಿ ಸಲಹೆಯಿತ್ತಂತೆ. ಆರ್ಯಭಟ 499ರಲ್ಲಿ 3.1416 ಎಂದು ಕೊಟ್ಟದ್ದು ಇನ್ನೂ ನಡೆಯುತ್ತಿದೆ. ಆದರೆ ಶೆಟ್ಟರ ಅಂಗಡಿಯ ಅನುಭವವಾದ ಮೇಲೆ ಆ ಕೈಪಿಡಿಯವನನ್ನು ಕಂಡು ನಗಲು ನನಗೆ ಧೈರ್ಯವಿಲ್ಲ. ನಮ್ಮ ಸರಕಾರಿ ಅರ್ಜಿ ನಮೂನೆಗಳಲ್ಲಿ ಇಸವಿಯ ಜಾಗದಲ್ಲಿ 19 ಎಂದು ಅಚ್ಚು ಹಾಕಿಸಿ ಮುಂದೆ ಎರಡು ಅಂಕಿಗೆ ಜಾಗ ಬಿಟ್ಟಿರುತ್ತಿದ್ದರಲ್ಲ, ಅದೂ ಸ್ಥಿರಾಂಕವೇ. 2000ದಲ್ಲಿ ಗುಮಾಸ್ತರು ಒಂದೊಂದು ಹಾಳೆಯ ಮೇಲೂ ಆ 19ನ್ನು ಹೊಡೆದುಹಾಕುತ್ತಿದ್ದರು. ಅದೇ ಎರಡು ಅಂಕಿಯನ್ನು ಹಳೆಯ ಪ್ರೋಗ್ರಾಮುಗಳಲ್ಲಿ ಹುಡುಕಿ ತಿದ್ದುವ ಕೆಲಸದಿಂದ ಬೆಂಗಳೂರಿನ ಎಷ್ಟೋ ಹುಡುಗರಿಗೆ ಅನ್ನ ಹುಟ್ಟಿತು. ನನ್ನ ಶಿಷ್ಯರಲ್ಲೇ ಕೆಲವರು ಆ 19ರಿಂದ ಮನೆ ಕಟ್ಟಿಸಿದರು.

ಹೊಸ ಭಾಷೆಗಳು ಬಂದಂತೆ ಸ್ಥಿರವೆಂಬುದರ ಅರ್ಥವೇ ಸ್ಥಿರವಾಗಿ ಉಳಿಯಲಿಲ್ಲ. ಸಿ ಭಾಷೆಯ ಕಾನ್ಸ್ಟ್ ಎಂದರೆ ‘ಈ ಹೆಸರು ಹಿಡಿದು ಬಂದು ನಾನು ಬದಲಾಯಿಸುವುದಿಲ್ಲ’ ಎಂಬಷ್ಟೇ ಮಾತು. ಹಿತ್ತಲ ಬಾಗಿಲಿನಿಂದ ಬರುವವರ ಹೊಣೆ ಅದರದ್ದಲ್ಲ. 2015ರಲ್ಲಿ ಜಾವಾಸ್ಕ್ರಿಪ್ಟಿಗೆ ಲೆಟ್ ಮತ್ತು ಕಾನ್ಸ್ಟ್ ಎರಡೂ ಒಟ್ಟಿಗೆ ಬಂದವು. ಲೆಟ್ ಮರಳಿತಲ್ಲ ಎಂದು ಹಿಗ್ಗಿದೆ. ಆದರೆ ಅಲ್ಲಿಯ ಕಾನ್ಸ್ಟ್ ವಿಚಿತ್ರ. ಒಂದು ಪಟ್ಟಿಯನ್ನು ಸ್ಥಿರವೆಂದು ಘೋಷಿಸಿದರೂ ಪಟ್ಟಿಯೊಳಗಿನ ಹೆಸರುಗಳನ್ನು ಬೇಕಾದಂತೆ ಅಳಿಸಬಹುದು, ಸೇರಿಸಬಹುದು. ಆ ಹೆಸರನ್ನು ಬೇರೊಂದು ಪಟ್ಟಿಗೆ ಅಂಟಿಸುವಂತಿಲ್ಲ, ಅಷ್ಟೇ. ಬಾಗಿಲ ಮೇಲಿನ ಮನೆ ನಂಬರು ಖಾಯಂ, ಬಾಡಿಗೆದಾರರು ಬದಲಾಗುತ್ತಿರುತ್ತಾರೆ. ತರಗತಿಯಲ್ಲಿ ಇದನ್ನು ಹೇಳುವಾಗ ನಾಲಗೆಯ ತುದಿಗೆ ದ್ವಿಸ್ವಭಾವ ರಾಶಿ ಬಂತು. ಜೋಯಿಸರಿಗೆ ಮನಸ್ಸಿನಲ್ಲೇ ಕೈಮುಗಿದೆ. ಅದೇ 2015ರಲ್ಲಿ ಮೊದಲ ಸ್ಥಿರ ಆವೃತ್ತಿ ಕಂಡ ರಸ್ಟ್ ಭಾಷೆಯಲ್ಲಂತೂ ಎಲ್ಲವೂ ಹುಟ್ಟಾ ಬದಲಾಗದ್ದು. ಬದಲಾಗಬೇಕೆಂದರೆ ಮೊದಲೇ ಮ್ಯೂಟ್ ಎಂದು ಬರೆದು ಅಪ್ಪಣೆ ಪಡೆಯಬೇಕು. ಕೂಡುಕುಟುಂಬದ ಸೊಸೆಯರ ಹಾಗೆ.

ಅಪ್ಪ ಹೇಳಿಕೊಟ್ಟ ಸ್ಥಿರಾಂಕ ಒಂದಿತ್ತು. ಅವರ ಎಂಟನೇ ತರಗತಿಯ ಪ್ರಸಿದ್ಧ ಲೆಕ್ಕ ತಂದೆ ಮಗನ ವಯಸ್ಸಿನದು. ತಂದೆಯ ವಯಸ್ಸು ಚರ, ಮಗನ ವಯಸ್ಸು ಚರ, ಒಬ್ಬರು ಇನ್ನೊಬ್ಬರ ಎಷ್ಟರಷ್ಟು ಎಂಬುದೂ ವರ್ಷವರ್ಷಕ್ಕೆ ಬದಲು. ಇಬ್ಬರ ನಡುವಿನ ಅಂತರ ಮಾತ್ರ ಎಂದೆಂದಿಗೂ ಅಷ್ಟೇ, ಅದನ್ನು ಹಿಡಿದುಕೊಂಡರೆ ಲೆಕ್ಕ ಬಿಡಿಸಬಹುದು ಎನ್ನುತ್ತಿದ್ದರು. ಉದಾಹರಣೆಗೆ ನಮ್ಮಿಬ್ಬರದೇ ವಯಸ್ಸು. ನಮಗೆ 29 ವರ್ಷದ ಅಂತರ. ನನಗೆ ಒಂದು ವರ್ಷವಾದಾಗ ಅವರು ನನ್ನ ಮೂವತ್ತರಷ್ಟು. 1997ರಲ್ಲಿ, ಅವರು 58 ತುಂಬಿ ನಿವೃತ್ತರಾದ ವರ್ಷ, ಸರಿಯಾಗಿ ನನ್ನ ಎರಡರಷ್ಟು. ಬೀಳ್ಕೊಡುಗೆ ಸಮಾರಂಭದಲ್ಲಿ ಹಾರ ಹಾಕಿಸಿಕೊಂಡು ಕುಳಿತವರು ನನ್ನನ್ನು ಹತ್ತಿರ ಕರೆದು ಕಿವಿಯಲ್ಲಿ ಹೇಳಿದ್ದು ಇದನ್ನೇ. ನಾನು ಏನೋ ಗುಟ್ಟು ಎಂದುಕೊಂಡಿದ್ದೆ.

2014ರಿಂದ ಅಪ್ಪನ ವಯಸ್ಸು 75ಕ್ಕೆ ನಿಂತಿದೆ. ನನ್ನದು ನಡೆಯುತ್ತಿದೆ. ಈ ವರ್ಷ ನನಗೆ 58. ಅಂತರ 17ಕ್ಕೆ ಬಂತು.

ಇನ್ನು ಪಾವಿನ ವಿಷಯ. ಅದಕ್ಕೆ ಮುಂಚೆ ಕಿಲೋಗ್ರಾಮಿನ ಕಥೆಯೊಂದನ್ನು ಹೇಳಬೇಕು. ಪ್ಯಾರಿಸ್ಸಿನ ಹತ್ತಿರ ಸೆವ್ರ್ ಎಂಬಲ್ಲಿ ಪ್ಲಾಟಿನಂ ಮತ್ತು ಇರಿಡಿಯಂ ಬೆರೆಸಿ ಮಾಡಿದ ಒಂದು ಪುಟ್ಟ ಉರುಳೆ ಇದೆ. 1889ರಿಂದ ಅದೇ ಜಗತ್ತಿಗೆಲ್ಲ ಕಿಲೋಗ್ರಾಮಾಗಿತ್ತು. ಗಾಜಿನ ಮುಚ್ಚಳಗಳ ಒಳಗೆ, ಬೀಗದಲ್ಲಿ, ದೇವರಿಗಿಂತ ಹೆಚ್ಚು ಮಡಿಯಿಂದ ಅದನ್ನು ಇಟ್ಟಿದ್ದರು. ಬೇರೆ ದೇಶಗಳಿಗೆ ಕೊಟ್ಟ ಅದರ ಪ್ರತಿಗಳನ್ನು ಹಲವು ದಶಕಗಳಿಗೊಮ್ಮೆ ತಂದು ಹೋಲಿಸಿ ನೋಡಿದರೆ, ಮೂಲಕ್ಕೂ ಪ್ರತಿಗಳಿಗೂ ಒಂದು ಶತಮಾನದಲ್ಲಿ ಸುಮಾರು 50 ಮೈಕ್ರೋಗ್ರಾಮ್ ವ್ಯತ್ಯಾಸ ಬಂದಿತ್ತು. ಒಂದು ಬೆರಳಚ್ಚಿನ ತೂಕದಷ್ಟು ಎನ್ನುತ್ತಾರೆ. ಮೂಲವೇ ಸವೆದಿರಬಹುದು. ಆದರೆ ಹಾಗೆನ್ನುವಂತಿಲ್ಲ, ಏಕೆಂದರೆ ಕಾನೂನಿನ ಪ್ರಕಾರ ಅದು ಎಷ್ಟು ತೂಗಿದರೂ ಒಂದು ಕಿಲೋ. ಅದು ಸವೆದರೆ ಉಳಿದ ಜಗತ್ತು ದಪ್ಪವಾಯಿತು ಎಂದೇ ಹೇಳಬೇಕು. ಕೊನೆಗೆ 2019ರ ಮೇ 20ರಿಂದ ಆ ಉರುಳೆಗೆ ಪಿಂಚಣಿ ಕೊಟ್ಟು, ಭೌತವಿಜ್ಞಾನದ ಪ್ಲಾಂಕ್ ಸ್ಥಿರಾಂಕವನ್ನು ಹಿಡಿದು ಕಿಲೋವನ್ನು ಹೊಸದಾಗಿ ನಿರ್ಧರಿಸಿದರು.

ನಮ್ಮ ಪಾವಿಗೆ ಗಾಜಿನ ಮುಚ್ಚಳವಿರಲಿಲ್ಲ. ನನಗೆ ಎಂಟು ವರ್ಷವಿದ್ದಾಗ, ಶಾಲೆಯ ಹಿಂದಿನ ಕಾಡುಬಾದಾಮಿ ಮರದಿಂದ ಜೇಬು ತುಂಬ ಕಾಯಿ ಆರಿಸಿಕೊಂಡು ಬಂದು, ಜಜ್ಜಲು ಒಳ್ಳೆಯ ಕಲ್ಲು ಸಿಗದೆ, ಅಡಿಗೆಮನೆಯಿಂದ ಪಾವನ್ನು ಎತ್ತಿಕೊಂಡು ಹೋದೆ. ಬಾದಾಮಿ ಒಡೆಯಿತು. ಪಾವಿನ ಪಕ್ಕೆಯಲ್ಲಿ ಹೆಬ್ಬೆರಳು ಕೂರುವಷ್ಟು ತಗ್ಗು ಬಿತ್ತು. ತೊಳೆದು, ಒರೆಸಿ, ತಗ್ಗನ್ನು ಗೋಡೆಯ ಕಡೆಗೆ ತಿರುಗಿಸಿ ಇಟ್ಟು ಬಂದೆ. ಅಂದು ಸಂಜೆ ಅಮ್ಮ ಅಕ್ಕಿ ಅಳೆಯುವುದನ್ನು ಬಾಗಿಲ ಸಂದಿಯಿಂದ ನೋಡುತ್ತ ನಿಂತಿದ್ದೆ. ಪಾವನ್ನು ಕೈಗೆತ್ತಿಕೊಂಡಳು, ತಗ್ಗಿನ ಮೇಲೆ ಬೆರಳಾಡಿಸಿದಳು, ಬಾಗಿಲ ಕಡೆ ಒಮ್ಮೆ ನೋಡಿದಳು. ಎರಡು ಪಾವು ಅಳೆದು ಹಾಕಿ, ಡಬ್ಬಕ್ಕೆ ಮತ್ತೆ ಕೈಹಾಕಿ, ಮೇಲೊಂದು ಹಿಡಿ ಅಕ್ಕಿ ಹಾಕಿದಳು. ನಾನು ಬೈಗುಳಕ್ಕಾಗಿ ಮೂರು ದಿನ ಕಾದೆ. ಬರಲಿಲ್ಲ.

ಅಲ್ಲಿಂದ ಮುಂದೆ ನಮ್ಮ ಮನೆಯ ಅಳತೆಯೆಂದರೆ ಎರಡು ಪಾವು, ಮೇಲೊಂದು ಹಿಡಿ. ಪ್ರೋಗ್ರಾಮಿನಲ್ಲಿ ತಪ್ಪು ಸಿಕ್ಕಾಗ ಮೂಲ ಕೆದಕದೆ ಮೇಲಿಂದ ಹಾಕುವ ತೇಪೆಗೆ ಪ್ಯಾಚ್ ಎನ್ನುತ್ತಾರೆಂದು ನನಗೆ ಹತ್ತು ವರ್ಷದ ಮೇಲೆ ಗೊತ್ತಾಯಿತು. ಅಮ್ಮನಿಗೆ ವಯಸ್ಸಾಗಿ ಬೆರಳ ಗೆಣ್ಣುಗಳು ವಾತದಿಂದ ಡೊಂಕಾದವು. ಹಿಡಿಯಲ್ಲಿ ಮೊದಲಿನಷ್ಟು ಅಕ್ಕಿ ನಿಲ್ಲುತ್ತಿರಲಿಲ್ಲ. ಆಗ ಒಂದು ಹಿಡಿ ಒಂದೂವರೆಯಾಯಿತು, ಕೊನೆಗೆ ಎರಡಾಯಿತು. ಊಟಕ್ಕೆ ಕುಳಿತ ನಮ್ಮಲ್ಲಿ ಯಾರಿಗೂ ಒಂದು ದಿನವೂ ಅನ್ನ ಕಡಿಮೆಯಾಗಲಿಲ್ಲ. ಅದು ಹಾಗೇ ಇರುತ್ತದೆ, ಅದೇನು ವಿಶೇಷ ಎಂದುಕೊಂಡಿದ್ದೆವು. ಮೂವತ್ತು ವರ್ಷ ಪಾಠ ಹೇಳಿದೆ. ಸ್ಥಿರಾಂಕವನ್ನು ಕಾಯುವುದು ಕಂಪೈಲರಿನ ಕೆಲಸ ಎಂದು ಬೋರ್ಡಿನ ಮೇಲೆ ಬರೆಸಿದೆ. ಮನೆಯ ಕಂಪೈಲರನ್ನು ಗಮನಿಸಲಿಲ್ಲ.

ಅಮ್ಮ ಹೋದ ಮೇಲೆ ಪಾವು ನಮ್ಮ ಮನೆಗೆ ಬಂತು. ಮೊನ್ನೆ ಒಂದು ಮಧ್ಯಾಹ್ನ ಮಾಡಲು ಕೆಲಸವಿಲ್ಲದೆ ಕಂಪ್ಯೂಟರಿನ ಮುಂದೆ ಕುಳಿತಿದ್ದೆ. ಪೈಥಾನ್ ಭಾಷೆಯ ಮೂರನೆಯ ಅವತಾರದಲ್ಲಿ ವೇರಿಯಬಲ್ಲುಗಳಿಗೆ ಕನ್ನಡ ಅಕ್ಷರದಲ್ಲೇ ಹೆಸರಿಡಬಹುದು. ‘ಪಾವು = 2’ ಎಂದು ಬರೆದೆ. ತಕರಾರಿಲ್ಲದೆ ತೆಗೆದುಕೊಂಡಿತು. ಇದನ್ನು ಸ್ಥಿರ ಮಾಡೋಣ ಎಂದುಕೊಂಡೆ. ಪೈಥಾನಿನಲ್ಲಿ ಕಾನ್‌ಸ್ಟೆಂಟ್ ಎಂಬುದಕ್ಕೆ ಬೀಗವೇ ಇಲ್ಲ. ಹೆಸರನ್ನು ದೊಡ್ಡಕ್ಷರದಲ್ಲಿ ಬರೆದರೆ, ಇದನ್ನು ಮುಟ್ಟಬೇಡಿ ಎಂದು ತಿಳಿದವರು ತಿಳಿದುಕೊಳ್ಳಬೇಕು. ಬರೀ ಮರ್ಯಾದೆಯ ಮೇಲೆ ನಡೆಯುವ ಏರ್ಪಾಡು. ಆದರೆ ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂದಿಲ್ಲವಲ್ಲ. ಕನ್ನಡದಲ್ಲಿ ಬರೆದರೆ ಯಾವುದು ಬದಲಾಗುವುದು, ಯಾವುದು ಬದಲಾಗದ್ದು ಎಂದು ಹೆಸರು ನೋಡಿ ಹೇಳುವಂತೆಯೇ ಇಲ್ಲ. ಸರಿ, ಇರಲಿ ಎಂದು ಮುಂದಿನ ಸಾಲಿಗೆ ಹೋಗಿ ‘ಹಿಡಿ =’ ಎಂದು ಬರೆದು, ಮುಂದೆ ಏನು ಬರೆಯಬೇಕೋ ತೋಚದೆ ಹಾಗೇ ಎಂಟರ್ ಒತ್ತಿದೆ. ಪೈಥಾನ್ ತಪ್ಪು ಎಂದಿತು. ಯಾವತ್ತಾವತ್ ಅದಕ್ಕೆ ಬರುವುದಿಲ್ಲ.

ಗೌರಿ ಹಬ್ಬಕ್ಕೆ ಮುಂಚೆ ಹಿತ್ತಾಳೆ ಸಾಮಾನುಗಳಿಗೆ ಪಾಲಿಶ್ ಹಾಕಿಸಲೆಂದು ಹೆಂಡತಿಯ ಜೊತೆ ಪಾತ್ರೆ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಪಾವನ್ನು ತಿರುಗಿಸಿ ತಿರುಗಿಸಿ ನೋಡಿ, “ಹಳೇ ಕಾಲದ ಗಟ್ಟಿ ಹಿತ್ತಾಳೆ ಅಮ್ಮಾ. ಈ ತಗ್ಗನ್ನೂ ತೆಗೆದುಬಿಡ್ತೀನಿ, ಹತ್ತು ನಿಮಿಷದ ಕೆಲಸ, ದುಡ್ಡು ಬೇಡ,” ಎಂದ. ನಾನು ಆಗಲಿ ಎನ್ನುವವನಿದ್ದೆ. ಅಷ್ಟರಲ್ಲಿ ಹೆಂಡತಿ ಅವನ ಕೈಯಿಂದ ಪಾವನ್ನು ತೆಗೆದುಕೊಂಡು ಚೀಲಕ್ಕೆ ಹಾಕಿಕೊಂಡಳು.

“ಬೇಡಪ್ಪ. ತಗ್ಗು ತೆಗೆದ್ರೆ ಅನ್ನ ಮಿಗುತ್ತೆ.”

ದೀಪದ ಕಂಬಗಳಿಗೆ ಮಾತ್ರ ಪಾಲಿಶ್ ಹಾಕಿಸಿಕೊಂಡು ಬಂದೆವು.